ತಿರುಪಿಗೆ ತಕ್ಕ ತಿರುಪುಳಿ: ನಾಲ್ಕು ತಾಲ್ಲೂಕುಗಳ ಕಮ್ಮಾರ–ಬಡಿಗರಿಗೆ ಬಹಿರಂಗ ಪತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಸಮಸ್ತ ಕಮ್ಮಾರ ಹಾಗೂ ಬಡಿಗ ಬಾಂಧವರಿಗೆ,

ವಿಷಯ: ಹಳೆಯ ಬಂದೂಕುಗಳ ಜೋಪಾನಕ್ಕೆ ಬೇಕಾದ ತಿರುಪುಳಿಗಳನ್ನು ಹಳೆಯ ಮಾದರಿಯಲ್ಲೇ ಕೈಯಿಂದ ತಯಾರಿಸುವ ಬಗೆ.

ಬಂದೂಕು ಕಮ್ಮಾರರ ತಿರುಪುಳಿಯ ಗುಣವೆಲ್ಲ ಇರುವುದು ಅದರ ಅಲಗಿನ ಕೊನೆಯ ಎರಡು ಮೂರು ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪೇಚಕಸದ ಅಲಗು ತುದಿಯವರೆಗೂ ಬೆಣೆಯಾಗಿ ತೆಳುವಾಗುತ್ತ ಹೋಗುತ್ತದೆ. ಬಂದೂಕಿನ ತಿರುಪುಳಿಯಲ್ಲಿ ಆ ಕೊನೆಯ ಭಾಗದ ಎರಡೂ ಮುಖಗಳು ಒಂದಕ್ಕೊಂದು ಸಮಾನಾಂತರವಾಗಿರುತ್ತವೆ. ಅದರ ದಪ್ಪ ತಿರುಪಿನ ತಲೆಯ ಮೇಲಿನ ಸೀಳಿನಷ್ಟೇ ಇರಬೇಕು. ಅಗಲ ತಲೆಯ ಅಗಲಕ್ಕಿಂತ ಒಂದು ಕೂದಲೆಳೆ ಕಡಿಮೆ ಇರಬೇಕು. ತುದಿ ಸೀಳಿನ ತಳವನ್ನು ಉದ್ದಕ್ಕೂ ಮುಟ್ಟಬೇಕು. ಮೂರೂ ಅಳತೆ ಕೂಡಿದಾಗ ಕೈಯ ಬಲವೆಲ್ಲ ಸೀಳಿನ ಪಕ್ಕದ ಗೋಡೆಗಳ ಮೇಲೆ ಸಮನಾಗಿ ಬೀಳುತ್ತದೆ.

ಬೆಣೆಯಾಕಾರದ ಅಲಗು ಸೀಳಿನ ಮೇಲಂಚನ್ನು ಮಾತ್ರ ಮುಟ್ಟುತ್ತದೆ. ತಿರುವಿದಾಗ ಬಲದ ಒಂದು ಪಾಲು ಅಲಗನ್ನೇ ಮೇಲಕ್ಕೆ ನೂಕುತ್ತದೆ. ಅಲಗು ಜಾರಿದರೆ ಸೀಳಿನ ಅಂಚು ಕಿತ್ತು ಬರುತ್ತದೆ, ಪಕ್ಕದ ಕೆತ್ತನೆಯ ಮೇಲೆ ಗೀರು ಬೀಳುತ್ತದೆ. ಒಮ್ಮೆ ಅಂಚು ಹರಿದ ತಿರುಪಿಗೆ ಎರಡನೆಯ ಸಲ ಹಿಡಿತ ಸಿಗುವುದು ಕಷ್ಟ. ಮೂರನೆಯ ಸಲ ಅದನ್ನು ಕೊರೆದೇ ತೆಗೆಯಬೇಕಾಗುತ್ತದೆ. ಇನ್ನೂರು ವರ್ಷದ ವಸ್ತುವೊಂದು ಹಾಳಾಗಲು ಹೊಂದದ ಪೇಚಕಸ ಮತ್ತು ಅರ್ಧ ನಿಮಿಷದ ಅವಸರ ಸಾಕು.

ಹಳೆಯ ತಿರುಪುಗಳಿಗೆ ಇಷ್ಟೊಂದು ಎಚ್ಚರ ಬೇಕಾಗಲು ಅವು ಹುಟ್ಟಿದ ರೀತಿಯೇ ಕಾರಣ. ಬತ್ತಿಯಿಂದ ಮದ್ದು ಹೊತ್ತಿಸುವ ಹಳೆಯ ಜಾಮಗಿ ಬಂದೂಕಿನಲ್ಲಿ ತಿರುಪುಗಳ ಬಳಕೆ ಕಡಿಮೆ. ನಳಿಗೆಯನ್ನು ಮರಕ್ಕೆ ಕಟ್ಟುತ್ತಿದ್ದದ್ದು ಲೋಹದ ಪಟ್ಟಿ, ತಂತಿ, ಮೊಳೆಗಳಿಂದ. ಚಕಮಕಿ ಕಲ್ಲಿನ ಬಂದೂಕು ಬಂದ ಮೇಲೆ ತಿರುಪುಗಳು ಹೆಚ್ಚಾದವು. ಕಿಡಿ ಹಾರಿಸುವ ಕೀಲಿನ ತಟ್ಟೆಯನ್ನು ಮರಕ್ಕೆ ಬಿಗಿಯಲು ಉದ್ದನೆಯ ಅಡ್ಡ ತಿರುಪುಗಳು, ಕಲ್ಲು ಕಚ್ಚುವ ದವಡೆಗೊಂದು, ಕುದುರೆಗೊಂದು, ಒಳಗಿನ ಕಮಾನುಗಳಿಗೆ ಒಂದೊಂದು, ನಳಿಗೆಯ ಬಾಲಕ್ಕೆ ಮತ್ತೊಂದು. ಈಸ್ಟ್ ಇಂಡಿಯಾ ಕಂಪನಿಗಾಗಿ ರೂಪಿಸಿ, 1797ರಲ್ಲಿ ಬ್ರಿಟಿಷ್ ಸೇನೆಯೂ ಒಪ್ಪಿಕೊಂಡ ‘ಇಂಡಿಯಾ ಪ್ಯಾಟರ್ನ್’ ಬಂದೂಕು ಇಂಥದ್ದೇ. ಅದರ ನಳಿಗೆ 39 ಅಂಗುಲ ಉದ್ದ, ಬಾಯಿ ಮುಕ್ಕಾಲು ಅಂಗುಲ.

ಆ ಕಾಲದ ತಿರುಪುಗಳ ಎಳೆ, ಸೀಳುಗಳನ್ನು ಕೈಯಿಂದಲೇ ಕೊರೆಯುತ್ತಿದ್ದರು. ಹೆನ್ರಿ ಮಾಡ್‌ಸ್ಲಿಯ ತಿರುಪು ಕೊರೆಯುವ ಯಂತ್ರ ಬಂದದ್ದು 1800ರ ಸುಮಾರಿಗೆ. ಜೋಸೆಫ್ ವಿಟ್‌ವರ್ತ್ ತಿರುಪಿನ ಎಳೆಗಳಿಗೆ ಒಂದೇ ಅಳತೆ ಸೂಚಿಸಿದ್ದು 1841ರಲ್ಲಿ. ಅದಕ್ಕೂ ಮುಂಚಿನ ಬಂದೂಕಿನಲ್ಲಿ ಒಂದು ತಿರುಪಿನ ಜಾಗದಲ್ಲಿ ಇನ್ನೊಂದು ಕೂರುವ ಖಾತರಿಯಿಲ್ಲ. ಹಾಗಾಗಿ ಕುಶಲಕರ್ಮಿಗಳು ಯಾವ ತಿರುಪು ಯಾವ ತೂತಿನದು ಎಂದು ತಿಳಿಯಲು ಕಾನಸದಿಂದ ಗೆರೆಯನ್ನೋ, ಚುಕ್ಕಿಯನ್ನೋ ಗುರುತು ಹಾಕುತ್ತಿದ್ದರು. ಸೀಳುಗಳೂ ಒಂದೇ ತೆರನಾಗಿಲ್ಲ: ಕೆಲವು ಒಂದು ಮಿಲಿಮೀಟರಿಗಿಂತ ಕಿರಿದು, ಕೆಲವು ತಳದಲ್ಲಿ ಇನ್ನೂ ಕಿರಿದು. ಇಂಥ ತಿರುಪುಗಳಿಗೆ ಕಾರ್ಖಾನೆಯ ಒಂದೇ ಅಳತೆಯ ಪೇಚಕಸ ಸಾಲದು. ಅಲಗನ್ನು ಸೀಳಿಗೆ ಹೊಂದಿಸಿ ಉಜ್ಜುವ ಕೈ ಬೇಕು.

ಮಲಪ್ರಭೆಯ ಎರಡೂ ದಡದ ಈ ಸೀಮೆಗೆ ಬಂದೂಕಿನ ಇತಿಹಾಸ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಹತನಾದ. ಅವನನ್ನು ಉರುಳಿಸಿದ್ದು ಕಿತ್ತೂರಿನ ಕಡೆಯ ಅಮಟೂರು ಬಾಳಪ್ಪನ ಗುಂಡು ಎಂದೇ ನಾಡು ನೆನೆಯುತ್ತದೆ. ಅದೇ ವರ್ಷ ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ಸೆರೆಯಲ್ಲಿದ್ದ ಕಿತ್ತೂರಿನ ರಾಣಿ ಚನ್ನಮ್ಮ 1829ರ ಫೆಬ್ರವರಿಯಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಸಮಾಧಿ ಅಲ್ಲೇ ಇದೆ. ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. 1857ರ ಆಯುಧ ಕಾಯ್ದೆ ಜನರ ಕೈಯಿಂದ ಹತಾರ ಕಿತ್ತುಕೊಳ್ಳಲು ಬಂದಾಗ ಹಲಗಲಿಯ ಬೇಡರು ತಿರುಗಿಬಿದ್ದರು. ಮರುವರ್ಷ, 1858ರ ಮೇ ತಿಂಗಳಲ್ಲಿ, ನರಗುಂದದ ಅರಸ ಬಾಬಾಸಾಹೇಬನ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್‌ನನ್ನು ಕೊಂದದ್ದು ಇಂದಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ. ಆ ಕಾಲದ ಹತಾರಗಳಲ್ಲಿ ಉಳಿದವು ಇಂದು ಅಲ್ಲಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ, ಕೆಲವು ಹಳೆಯ ವಾಡೆಗಳ ಗೋಡೆಗಳ ಮೇಲೆ ಇವೆ. ಅವುಗಳನ್ನು ತುಕ್ಕಿನಿಂದ ಕಾಪಾಡಬೇಕಾದರೆ ಕೀಲು ಬಿಚ್ಚಬೇಕು. ಕೀಲು ಬಿಚ್ಚಬೇಕಾದರೆ ತಿರುಪು ಕೆಡಿಸದ ತಿರುಪುಳಿ ಬೇಕು.

ಅಂಥ ತಿರುಪುಳಿ ಮಾಡುವ ವಿದ್ಯೆಯ ಹೆಚ್ಚಿನ ಪಾಲು ಈ ನಾಲ್ಕು ತಾಲ್ಲೂಕುಗಳ ಕುಲುಮೆಗಳಲ್ಲಿ ಈಗಾಗಲೇ ಇದೆ. ಎರೆಹೊಲದ ಕೂರಿಗೆ, ಕುಂಟೆ, ನೇಗಿಲ ಗುಳ, ಕುಡಗೋಲು, ಕೊಡಲಿಗಳಿಗೆ ಹದ ಕೊಡುತ್ತ ಬಂದ ಕೈಗಳಿಗೆ ಉಕ್ಕಿನ ಬಣ್ಣ ನೋಡಿ ಕಾವು ಅಳೆಯುವುದು ಗೊತ್ತು. ಸವದತ್ತಿ ಸೀಮೆಯ ಶಿರಸಂಗಿಯ ಕಾಳಿಕಾದೇವಿಯನ್ನು ವಿಶ್ವಕರ್ಮ ಸಮುದಾಯ ದೂರದೂರದಿಂದ ಬಂದು ಪೂಜಿಸುತ್ತದೆ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನದ ಐದೂ ಕಸುಬುಗಳು ಅಲ್ಲಿ ಒಂದೇ ಮನೆತನವೆಂದು ಎಣಿಸಿಕೊಳ್ಳುತ್ತವೆ. ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆ, ಗುಳಗಳ ಕೆಲಸ ಇಳಿದಿದೆ, ಕೈಯ ವಿದ್ಯೆ ಇಳಿದಿಲ್ಲ. ಹೊಸದಾಗಿ ಕಲಿಯಬೇಕಾದದ್ದು ಅಳತೆಯ ಸೂಕ್ಷ್ಮ ಮಾತ್ರ.

ಮೊದಲ ಮಾತು ಉಕ್ಕಿನದು. ಲಾರಿ, ಜೀಪುಗಳ ಹಳೆಯ ಪಾಟಾಗಳು ತಿರುಪುಳಿಗೆ ಯೋಗ್ಯವಾದ ಕಮಾನು ಉಕ್ಕು. ಅದರಲ್ಲಿ ಇಂಗಾಲದ ಪ್ರಮಾಣ ಸುಮಾರು 0.5ರಿಂದ 0.6 ಶೇಕಡ. ಇದು ತಿರುಚುವ ಬಲವನ್ನು ತಾಳುತ್ತದೆ, ಥಟ್ಟನೆ ಮುರಿಯುವುದಿಲ್ಲ. ಸವೆದ ಕಾನಸದ ಉಕ್ಕಿನಲ್ಲಿ ಇಂಗಾಲ ಶೇಕಡ 1ಕ್ಕೂ ಮೇಲಿರುತ್ತದೆ. ಸಣ್ಣ ಅಳತೆಯ ತೆಳು ಅಲಗುಗಳಿಗೆ ಒಳ್ಳೆಯದು, ಆದರೆ ಹದ ತಪ್ಪಿದರೆ ತುದಿ ಚಕ್ಕೆಯೇಳುತ್ತದೆ. ಕಾನಸವನ್ನು ಬಳಸುವುದಾದರೆ ಬಡಿಯುವ ಮೊದಲೇ ಅದರ ಹಲ್ಲುಗಳನ್ನು ಸಾಣೆಗೆ ಹಿಡಿದು ಪೂರ್ತಿ ತೆಗೆಯಬೇಕು. ಹಲ್ಲು ಉಳಿದರೆ ಬಡಿತಕ್ಕೆ ಮಡಚಿಕೊಂಡು ಒಳಗೆ ಗೆರೆಯಾಗಿ ಕೂರುತ್ತದೆ. ಹದ ಕೊಡುವಾಗ ಸೀಳು ಬಿಡುವುದು ಅಲ್ಲಿಂದಲೇ. ಕಟ್ಟಡದ ಸರಳು ಈ ಕೆಲಸಕ್ಕೆ ಬಾರದು. ಸತುವಿನ ಲೇಪನವಿರುವ ತುಂಡುಗಳನ್ನು ಕುಲುಮೆಗೆ ಹಾಕಲೇಬಾರದು; ಅವುಗಳ ಹೊಗೆ ಉಸಿರಿಗೆ ವಿಷ.

ಆರಿಸಿದ ತುಂಡನ್ನು ಕೆಂಪಗೆ ಕಾಯಿಸಿ, ಬಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಟ್ಟರೆ ಉಕ್ಕು ಮೆತ್ತಗಾಗುತ್ತದೆ. ಬೆಳಿಗ್ಗೆ ಅದನ್ನು ಉದ್ದಕ್ಕೆ ಸೀಳಿ ಅಗಲ, ದಪ್ಪಗಳನ್ನು ಸರಿಮಾಡಿಕೊಳ್ಳಬಹುದು. ಬಡಿಯುವ ಕಾವು ಕಿತ್ತಳೆ ಬಣ್ಣದ್ದು. ಬಣ್ಣ ಮಂಕು ಕೆಂಪಿಗೆ ಇಳಿದ ಕೂಡಲೇ ಸುತ್ತಿಗೆ ನಿಲ್ಲಿಸಿ ಮತ್ತೆ ಕುಲುಮೆಗೆ ಇಡಬೇಕು. ಕಿಡಿ ಉದುರುವ ಬಿಳಿ ಕಾವಿಗೆ ಹೋದರೆ ಉಕ್ಕು ಸುಟ್ಟು ಹೋಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಬಡಿತದಲ್ಲಿ ನಾಲ್ಕು ಭಾಗಗಳು ಮೂಡಬೇಕು: ಹಿಡಿಕೆಯೊಳಗೆ ಇಳಿಯುವ ಚೌಕಾಕಾರದ ಬಾಲ, ಹಿಡಿಕೆಯ ಬಾಯಿಗೆ ಒರಗುವ ಹೆಗಲು, ಚಪ್ಪಟೆ ಅಥವಾ ಎಂಟು ಮುಖದ ದಂಡ, ಕೊನೆಯಲ್ಲಿ ಹರಡಿದ ಅಲಗು. ಬಾಲ ದುಂಡಗಿದ್ದರೆ ತಿರುವುವಾಗ ಹಿಡಿಕೆಯೊಳಗೆ ಸುತ್ತುತ್ತದೆ. ಆದ್ದರಿಂದ ಅದು ಚೌಕವಾಗಿಯೇ ಇರಬೇಕು, ತುದಿಯತ್ತ ಸಣ್ಣಗಾಗುತ್ತ ಹೋಗಬೇಕು. ದಂಡದ ಉದ್ದ ಹೆಚ್ಚಿದರೆ ಬಲ ಹೆಚ್ಚುವುದಿಲ್ಲ. ತಿರುವುವ ಬಲ ಬರುವುದು ಹಿಡಿಕೆಯ ದಪ್ಪದಿಂದ. ಉದ್ದದ ದಂಡದಿಂದ ಆಗುವ ಲಾಭವೆಂದರೆ ಅಲಗು ತಿರುಪಿಗೆ ನೆಟ್ಟಗಿದೆಯೇ ಎಂಬುದು ಕಣ್ಣಿಗೆ ಸುಲಭವಾಗಿ ಕಾಣುತ್ತದೆ. ಆಕಾರ ಬಂದ ಮೇಲೆ ಎರಡು ಮೂರು ಸಲ ಕೆಂಪಗೆ ಕಾಯಿಸಿ, ಗಾಳಿಯಲ್ಲಿ ಆರಲು ಬಿಟ್ಟರೆ ಬಡಿತದಿಂದ ಒಳಗೆ ಉಳಿದ ಎಳೆತ ಹೋಗುತ್ತದೆ. ಹದ ಕೊಡುವಾಗ ಡೊಂಕಾಗುವ ಭಯ ಕಡಿಮೆಯಾಗುತ್ತದೆ.

ಕಾನಸದ ಕೆಲಸ ತಾಳ್ಮೆಯದು. ಮೊದಲು ಒರಟು ಕಾನಸ, ಆಮೇಲೆ ನಯದ್ದು. ಕೊನೆಯಲ್ಲಿ ಕಾನಸವನ್ನು ಅಡ್ಡ ಹಿಡಿದು, ಎರಡೂ ಕೈಯಿಂದ ದಂಡದ ಉದ್ದಕ್ಕೆ ಎಳೆಯಬೇಕು. ಆಗ ಹಿಂದಿನ ಅಡ್ಡ ಗೀರುಗಳು ಅಳಿದು ಉದ್ದನೆಯ ನವಿರಾದ ಗೆರೆಗಳು ಮೂಡುತ್ತವೆ. ಹಳೆಯ ಕೈಗೆಲಸದ ಉಪಕರಣಗಳ ಮೇಲೆ ಕಾಣುವ ಮೃದುವಾದ ಹೊಳಪು ಈ ಗೆರೆಗಳಿಂದಲೇ ಬಂದದ್ದು. ಹೆಗಲಿನ ಹತ್ತಿರ ಒಂದೆರಡು ಕಚ್ಚು, ಅಂಚುಗಳಿಗೆ ಸಣ್ಣ ಇಳಿಜಾರು ಕೊಟ್ಟರೆ ಸಾಕು. ಅದಕ್ಕಿಂತ ಹೆಚ್ಚಿನ ಅಲಂಕಾರ ಬೇಡ. ಅಲಗಿನ ತುದಿಯಲ್ಲಿ ಮೊದಲು ದುಂಡು ಕಾನಸದಿಂದ ಎರಡೂ ಮುಖಗಳಿಗೆ ಸಣ್ಣ ತಗ್ಗು ಕೊಟ್ಟು, ಬಳಿಕ ಚಪ್ಪಟೆ ಕಾನಸದಿಂದ ಕೊನೆಯ ಭಾಗವನ್ನು ಸಮಾನಾಂತರ ಮಾಡಬೇಕು. ಸಣ್ಣ ಸಾಣೆ ಚಕ್ರವಿದ್ದರೆ ತಗ್ಗು ಅದರಲ್ಲೂ ತೆಗೆಯಬಹುದು. ಈ ಹಂತದಲ್ಲಿ ದಪ್ಪವನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಉಳಿಸಿಕೊಳ್ಳಬೇಕು. ಹದ ಕೊಟ್ಟ ಮೇಲೆ ಕಲ್ಲಿನಲ್ಲಿ ತೀಡಲು ಅದು ಬೇಕಾಗುತ್ತದೆ.

ಗಟ್ಟಿ ಮಾಡುವ ಹದಕ್ಕೆ ಅಯಸ್ಕಾಂತ ಒಳ್ಳೆಯ ಸಾಕ್ಷಿ. ಸುಮಾರು 770 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಕಾನಸದ ಉಕ್ಕಿಗೆ ಅಲ್ಲಿಂದ ತುಸು ಮೇಲೆ, ಪಾಟಾ ಉಕ್ಕಿಗೆ ಇನ್ನೂ ಒಂದು ಛಾಯೆ ಮೇಲೆ, ಅಂದರೆ 850 ಡಿಗ್ರಿಯ ಆಸುಪಾಸಿಗೆ ಹೋಗಿ ಎಣ್ಣೆಯಲ್ಲಿ ಅದ್ದಬೇಕು. ಕುಲುಮೆಯ ಸುತ್ತ ಮಬ್ಬುಗತ್ತಲೆ ಇದ್ದರೆ ಬಣ್ಣ ಮೋಸ ಮಾಡುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕೆಂಪು ಇದ್ದದ್ದಕ್ಕಿಂತ ಮಂಕಾಗಿ ಕಂಡು ಉಕ್ಕು ಅತಿಯಾಗಿ ಕಾಯುತ್ತದೆ. ಶೇಂಗಾ ಎಣ್ಣೆಯನ್ನು ಕೈಗೆ ಚುರುಕು ಮುಟ್ಟುವಷ್ಟು, ಐವತ್ತು ಅರವತ್ತು ಡಿಗ್ರಿಗೆ ಬೆಚ್ಚಗೆ ಮಾಡಿಟ್ಟುಕೊಂಡರೆ ಕೆಲಸ ಚೆನ್ನಾಗಿ ಆಗುತ್ತದೆ. ತಣ್ಣೀರಿಗೆ ಹಾಕಿದರೆ ಪಾಟಾ ಉಕ್ಕು ಸೀಳು ಬಿಡುವ ಸಂಭವ ಹೆಚ್ಚು. ಅಲಗನ್ನು ನೇರವಾಗಿ ಇಳಿಸಬೇಕು. ಓರೆಯಾಗಿ ಇಳಿಸಿದರೆ ಒಂದು ಮಗ್ಗುಲು ಮೊದಲು ತಣಿದು ತುದಿ ಬಾಗುತ್ತದೆ. ತಣಿದ ಅಲಗಿನ ಮೇಲೆ ಕಾನಸ ಎಳೆದಾಗ ಕಚ್ಚದೆ ಜಾರಿದರೆ ಹದ ಕೂತಿದೆ ಎಂದರ್ಥ.

ಈ ಸ್ಥಿತಿಯಲ್ಲಿ ಉಕ್ಕು ಗಾಜಿನಂತೆ ಮುರಿಯುತ್ತದೆ. ಆ ಬಿರುಸನ್ನು ಇಳಿಸುವುದು ಎರಡನೆಯ ಹದ. ಅಲಗನ್ನು ಬೆಳ್ಳಗೆ ಕಾಣುವಂತೆ ಉಜ್ಜಿ, ಹೆಗಲಿನ ಕಡೆಯಿಂದ ನಿಧಾನವಾಗಿ ಕಾವು ಕೊಡಬೇಕು. ಮೊದಲು ದಂಡದ ಮೇಲೆ ಹುಲ್ಲಿನ ಹಳದಿ ಮೂಡುತ್ತದೆ, ಅದು ಸುಮಾರು 220 ಡಿಗ್ರಿ. ಹಳದಿಯ ಹಿಂದೆ ಕಂದು, ಕಂದಿನ ಹಿಂದೆ 270ರಿಂದ 280 ಡಿಗ್ರಿಯ ನೇರಳೆ, ಆಮೇಲೆ 300ರ ಹತ್ತಿರ ಗಾಢ ನೀಲಿ. ಬಣ್ಣಗಳ ಪಟ್ಟಿ ಹೆಗಲಿನಿಂದ ತುದಿಯತ್ತ ಹರಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿರಬೇಕು. ಮುಂದಿನ ಹಳದಿ ತುದಿ ದಾಟಿ, ಕಂದು ದಾಟಿ, ನೇರಳೆ ಬಂದು ನಿಂತ ಕ್ಷಣವೇ ಅಲಗನ್ನು ಎಣ್ಣೆಗೆ ಇಳಿಸಬೇಕು. ಆಗ ತುದಿ ಗಟ್ಟಿಯಾಗಿ, ದಂಡ ನೀಲಿಯಾಗಿ ಕಮಾನಿನ ಗುಣ ಪಡೆದು ನಿಲ್ಲುತ್ತದೆ. ತುದಿ ಹಳದಿಯಲ್ಲೇ ನಿಂತರೆ ಚಕ್ಕೆಯೇಳುತ್ತದೆ. ನೀಲಿ ದಾಟಿ ಬೂದಿ ಬಣ್ಣಕ್ಕೆ ಹೋದರೆ ತಿರುಚಿಕೊಳ್ಳುತ್ತದೆ.

ಇನ್ನು ಹೊಂದಿಕೆ. ಹಳೆಯ ಬಂದೂಕು ಕಮ್ಮಾರರು ಲೋಹಕ್ಕೆ ಲೋಹ ಕೂಡಿಸಲು ದೀಪದ ಮಸಿಯನ್ನು ಬಳಸುತ್ತಿದ್ದರು. ಇಲ್ಲಿಯೂ ಅದೇ ಉಪಾಯ. ಎಣ್ಣೆದೀಪದ ಮೇಲೆ ಅಲಗಿನ ತುದಿ ಹಿಡಿದು ತೆಳುವಾಗಿ ಮಸಿ ಏರಿಸಿ, ಸೀಳಿನೊಳಗೆ ಮೆಲ್ಲಗೆ ಇಳಿಸಿ ತೆಗೆದರೆ ಒತ್ತು ಬಿದ್ದ ಕಡೆ ಮಸಿ ಅಳಿಸಿ ಉಕ್ಕು ಮಿನುಗುತ್ತದೆ. ಆ ಮಿನುಗಿದ ಉಬ್ಬನ್ನು ಮಾತ್ರ ಎಣ್ಣೆಗಲ್ಲಿನ ಮೇಲೆ ಎರಡು ಮೂರು ಸಲ ತೀಡಿ, ಮತ್ತೆ ಮಸಿ ಹಿಡಿದು ನೋಡಬೇಕು. ಕೊನೆಗೆ ಎರಡೂ ಮುಖದ ಮಸಿ ಉದ್ದಕ್ಕೂ ಸಮನಾಗಿ ಅಳಿಸಿದಾಗ ಅಲಗು ಸೀಳಿನೊಳಗೆ ಅಲುಗಾಡದೆ ನಿಲ್ಲುತ್ತದೆ. ಹಳೆಯ ಸೀಳು ತಳದಲ್ಲಿ ಕಿರಿದಾಗಿದ್ದರೆ ಅಲಗನ್ನೇ ಅದಕ್ಕೆ ತಕ್ಕಂತೆ ತೀಡಬೇಕು. ಅಲಗು ಹೋಗಲಿಲ್ಲವೆಂದು ಸೀಳನ್ನು ಅಗಲ ಮಾಡುವುದು ಮೂಲ ವಸ್ತುವಿಗೆ ಮಾಡುವ ಅಪಚಾರ.

ಹಿಡಿಕೆಯ ಕೆಲಸಕ್ಕೆ ಬಡಿಗರ ಕೈ ಬೇಕು. ಇಲ್ಲಿನ ಜಾಲಿಯ ಕೆಚ್ಚು ಗಟ್ಟಿ. ಬಂಡಿ, ನೇಗಿಲುಗಳಿಗೆ ತಲೆಮಾರುಗಳಿಂದ ಒಗ್ಗಿದ ಮರ. ಹುಣಸೆಯ ಕೆಚ್ಚು ಇನ್ನೂ ಬಿಗಿ. ತೋಟದ ಬೇಲಿಯಲ್ಲಿ ಸಿಗುವ ಈ ಮರಗಳೇ ಸಾಕು. ಬೀಟೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಮರ ನೆರಳಿನಲ್ಲಿ ಒಂದು ವರ್ಷವಾದರೂ ಒಣಗಿರಬೇಕು. ಹಸಿ ಮರದ ಹಿಡಿಕೆ ಬೇಸಿಗೆಗೆ ಕುಗ್ಗಿ, ಅದರ ಬಾಯಿಗೆ ಬಿಗಿದ ಹಿತ್ತಾಳೆಯ ಬಳೆ ಸಡಿಲವಾಗುತ್ತದೆ. ಹಿಡಿಕೆಯ ಅಡ್ಡಕೊಯ್ತ ಮೊಟ್ಟೆಯಾಕಾರದ್ದು, ಎರಡು ಮಗ್ಗುಲು ತುಸು ಚಪ್ಪಟೆ. ಆಗ ಅದು ಮೇಜಿನ ಮೇಲೆ ಉರುಳುವುದಿಲ್ಲ. ಅಂಗೈಗೆ ಬಲವೂ ಸಿಗುತ್ತದೆ, ಅಲಗು ಯಾವ ಕಡೆ ತಿರುಗಿದೆ ಎಂಬುದು ನೋಡದೆಯೇ ತಿಳಿಯುತ್ತದೆ. ಚಪ್ಪಟೆ ಮಗ್ಗುಲು ಮತ್ತು ಅಲಗಿನ ಮುಖ ಒಂದೇ ದಿಕ್ಕಿಗೆ ಇರುವಂತೆ ಕೂಡಿಸಬೇಕು.

ಹಿಡಿಕೆಯ ಬಾಯಿಗೆ ಹಿತ್ತಾಳೆಯ ಬಳೆ ಬಿಗಿದ ಮೇಲೆ ಬಾಲಕ್ಕಿಂತ ಕಿರಿದಾದ ತೂತು ಕೊರೆದು, ಬಾಲವನ್ನು ಮಂಕು ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆಯಿಂದ ದಂಡ, ಅಲಗುಗಳನ್ನು ಕಾಪಾಡಿಕೊಂಡು ಸ್ವಲ್ಪ ಸ್ವಲ್ಪವೇ ಒತ್ತಿ ತೆಗೆಯಬೇಕು. ಕಾವು ಅಲಗಿಗೆ ಏರಿದರೆ ಕೊಟ್ಟ ಹದ ಹೋಗುತ್ತದೆ. ಹೀಗಾಗಿ ಅದೇ ಅಳತೆಯ ಬೇರೊಂದು ಕಬ್ಬಿಣದ ಬಾಲದಿಂದ ತೂತು ಸುಡುವುದು ಇನ್ನೂ ಕ್ಷೇಮ. ಕೂಡಿಸಲು ಅರಗು ಹಳೆಯ ದಾರಿ. ನಮ್ಮ ನಾಡಿನ ತಲವಾರಗಳ ಲೋಹದ ಹಿಡಿಕೆಯೊಳಗೆ ಅಲಗಿನ ಬಾಲವನ್ನು ಅರಗಿನ ಮಿಶ್ರಣದಿಂದಲೇ ನಿಲ್ಲಿಸುತ್ತಿದ್ದರು. ಅರಗಿನ ಜೊತೆ ನುಣುಪಾದ ಇಟ್ಟಿಗೆ ಪುಡಿ ಸೇರಿಸಿ, ಕರಗಿಸಿ ಹೊಯ್ದು, ಬೆಚ್ಚಗಿನ ಬಾಲವನ್ನು ಒತ್ತಿದರೆ ತಣಿದ ಮೇಲೆ ಕಲ್ಲಾಗುತ್ತದೆ. ತಿರುವುವ ಕೆಲಸಕ್ಕೆ ಅರಗೊಂದೇ ಸಾಲದು. ಬಳೆಯ ಕೆಳಗೆ ಅಡ್ಡಲಾಗಿ ಒಂದು ಹಿತ್ತಾಳೆ ಕಡ್ಡಿ ಹೊಡೆದು ಎರಡೂ ಕಡೆ ಬಡಿದು ಕೂರಿಸಬೇಕು.

ಹಳೆಯ ನೋಟದ ವಿಷಯಕ್ಕೆ ಬಂದರೆ, ಇಲ್ಲಿಯವರೆಗಿನ ಕೆಲಸ ಸರಿಯಾಗಿದ್ದರೆ ಅದರ ಮುಕ್ಕಾಲು ಪಾಲು ಬಂದೇ ಬಿಟ್ಟಿರುತ್ತದೆ. ಬಡಿದ ದಂಡದ ಮುಖಗಳು, ಕಾನಸದ ಉದ್ದ ಗೆರೆಗಳು, ಮೊಟ್ಟೆಯಾಕಾರದ ಹಿಡಿಕೆ, ಹದದ ನೀಲಿ ಇವೇ ಹಳೆಯ ತಿರುಪುಳಿಯ ಚಹರೆ. ಉಳಿದ ಕಾಲು ಪಾಲು ಮೇಲ್ಮೈಯ ಬಣ್ಣದ್ದು. ಹೆಗಲಿನ ತಗ್ಗುಗಳಲ್ಲಿ ಕುಲುಮೆಯ ಕಪ್ಪು ಪೊರೆಯನ್ನು ಹಾಗೆಯೇ ಬಿಟ್ಟು, ಉಬ್ಬಿದ ಕಡೆ ಮಾತ್ರ ಉಜ್ಜಿದರೆ ಬಳಸಿ ಸವೆದ ಭಾವ ಬರುತ್ತದೆ. ದಂಡಕ್ಕೆ ತೆಳುವಾಗಿ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿ, ಉದುರಿದ ಪುಡಿಯನ್ನು ಒರೆಸಿ, ಇದನ್ನೇ ಹಲವು ಸಲ ಮಾಡಿದರೆ ಕೆಂಪು ತುಕ್ಕು ಕಪ್ಪು ಪದರವಾಗಿ ಬದಲಾಗುತ್ತದೆ. ಬಂದೂಕಿನ ನಳಿಗೆಗಳಿಗೆ ಬಣ್ಣ ಕೊಡುವ ಹಳೆಯ ವಿಧಾನಗಳಲ್ಲಿ ಇದೂ ಒಂದು. ಈ ಪದರ ಒಳಗಿನ ಉಕ್ಕನ್ನು ಕಾಯುತ್ತದೆ.

ಮರದ ಬಣ್ಣಕ್ಕೂ ಮನೆಯ ಉಪಾಯವಿದೆ. ಕಬ್ಬಿಣದ ಚೂರುಗಳನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಯಿಟ್ಟ ನೀರನ್ನು ಜಾಲಿಯ ಹಿಡಿಕೆಗೆ ಸವರಿದರೆ ಮರದ ಒಗರು ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಒಗರು ಸಾಲದ ಮರಕ್ಕೆ ಮೊದಲು ಅಳಲೆಕಾಯಿಯ ಕಷಾಯ ಹಚ್ಚಬೇಕು. ಅಲಗು ಕೂಡಿಸುವ ಮೊದಲೇ ಇದನ್ನು ಮಾಡಿ, ತೊಳೆದು, ಪೂರ್ತಿ ಒಣಗಿಸಬೇಕು. ಹುಳಿ ಉಳಿದರೆ ಬಾಲ ತುಕ್ಕು ಹಿಡಿಯುತ್ತದೆ. ಕೊನೆಗೆ ಅಗಸಿ ಎಣ್ಣೆ. ಉತ್ತರ ಕರ್ನಾಟಕದ ಹೊಲದಲ್ಲೇ ಬೆಳೆಯುವ ಅಗಸಿಯ ಎಣ್ಣೆ ಗಾಳಿಗೆ ಗಟ್ಟಿಯಾಗುವ ಗುಣದ್ದು. ತೆಳುವಾಗಿ ಸವರಿ, ಒರೆಸಿ, ಒಣಗಲು ಬಿಟ್ಟು ಮತ್ತೆ ಸವರಬೇಕು, ಮೇಲೆ ಜೇನುಮೇಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಆಸಿಡ್ ಸುರಿದು ಗುಳಿ ಬೀಳಿಸುವುದು, ಉಪ್ಪುನೀರಿನಲ್ಲಿ ಅದ್ದಿ ಮಣ್ಣಿನಲ್ಲಿ ಹೂಳುವುದು, ಸರಪಳಿಯಿಂದ ಹಿಡಿಕೆಯನ್ನು ಜಜ್ಜುವುದು ಈ ಕಸುಬಿಗೆ ಸಲ್ಲದ ದಾರಿಗಳು. ಉಪ್ಪಿನ ಕ್ಲೋರೈಡ್ ಉಕ್ಕಿನ ಗುಳಿಗಳೊಳಗೆ ಉಳಿದು, ಮಳೆಗಾಲದ ತೇವಕ್ಕೆ ಮತ್ತೆ ಮತ್ತೆ ತುಕ್ಕು ಎಬ್ಬಿಸುತ್ತದೆ. ಆ ತಿರುಪುಳಿ ಮುಟ್ಟಿದ ಹಳೆಯ ತಿರುಪಿಗೂ ಅದೇ ರೋಗ ದಾಟಬಹುದು. ವಸ್ತುವನ್ನು ಕಾಪಾಡಲು ಮಾಡಿದ ಉಪಕರಣ ವಸ್ತುವನ್ನೇ ತಿನ್ನುವಂತಾಗಬಾರದು.

ಪ್ರಾಮಾಣಿಕತೆಯ ಪ್ರಶ್ನೆಯೂ ಇಲ್ಲಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕೈಗೆಲಸದ ವಸ್ತುಗಳು ಪ್ರಾಚ್ಯವಸ್ತುಗಳಾಗುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಹೊಸ ತಿರುಪುಳಿಯನ್ನು ಹಳೆಯದೆಂದು ಮಾರಿದರೆ ಅದು ಕೊಳ್ಳುವವರಿಗೆ ಮೋಸ, ಮಾಡಿದವರ ಹೆಸರಿಗೂ ನಷ್ಟ. ಆದ್ದರಿಂದ ಪ್ರತಿ ತಿರುಪುಳಿಯ ಹೆಗಲಿನ ಮೇಲೆ, ಹದ ಕೊಡುವ ಮುನ್ನವೇ, ಮಾಡಿದವರ ಗುರುತು ಮತ್ತು ಇಸವಿಯನ್ನು ಕನ್ನಡ ಅಂಕಿಯಲ್ಲಿ ಒತ್ತುವುದು ಒಳ್ಳೆಯ ಪದ್ಧತಿ. ಹಳೆಯ ಕಾಲದ ಉಪಕರಣ ತಯಾರಕರೂ ತಮ್ಮ ಮುದ್ರೆಯನ್ನು ಹೆಮ್ಮೆಯಿಂದಲೇ ಒತ್ತುತ್ತಿದ್ದರು.

ಆಯುಧ ಕಾನೂನಿನ ಗೆರೆಯೂ ಸ್ಪಷ್ಟವಾಗಿದೆ. ತಿರುಪುಳಿ ಮಾಡಿ ಮಾರಲು 1959ರ ಆಯುಧ ಕಾಯ್ದೆಯಡಿ ಪರವಾನಗಿ ಬೇಕಿಲ್ಲ. ಬಂದೂಕನ್ನು ತಯಾರಿಸಲು, ದುರಸ್ತಿ ಮಾಡಲು, ಮಾರ್ಪಡಿಸಲು ಅದೇ ಕಾಯ್ದೆಯ 5ನೆಯ ಕಲಮಿನಡಿ ಪರವಾನಗಿ ಬೇಕೇ ಬೇಕು. ದುರಸ್ತಿ ಮಾಡಿದರೂ ಹಾರಿಸಲು ಬಾರದ, ಬಳಕೆ ತಪ್ಪಿದ ಹಳೆಯ ಮಾದರಿಯ ಆಯುಧಗಳಿಗೆ 45ನೆಯ ಕಲಮು ವಿನಾಯಿತಿ ಕೊಡುತ್ತದೆ. ಯಾವ ಬಂದೂಕು ಆ ಸಾಲಿಗೆ ಸೇರುತ್ತದೆ ಎಂಬುದನ್ನು ಅಧಿಕಾರಿಗಳೇ ನಿರ್ಧರಿಸಬೇಕು. ಕುಲುಮೆಯ ಕೆಲಸ ತಿರುಪುಳಿಗೆ ನಿಲ್ಲಬೇಕು. ಬಂದೂಕನ್ನು ಬಿಚ್ಚುವುದು ಪರವಾನಗಿ ಉಳ್ಳವರ ಮತ್ತು ಸಂಗ್ರಹಾಲಯದ ತಜ್ಞರ ಕೆಲಸ. ಅವರೂ ಮೊದಲು ಮಾಡುವುದು ಒಂದೇ ಕೆಲಸ: ಮದ್ದು ಜಡಿಯುವ ಗಜವನ್ನು ನಳಿಗೆಯೊಳಗೆ ಇಳಿಸಿ ಆಳ ಅಳೆದು, ಅದನ್ನೇ ಹೊರಗೆ ನಳಿಗೆಯ ಉದ್ದಕ್ಕೆ ಹಿಡಿದು ನೋಡುವುದು. ಅಳತೆ ಕಡಿಮೆ ಬಂದರೆ ಒಳಗೆ ಮದ್ದು ಗುಂಡು ಉಳಿದಿರಬಹುದು. ಗೋಡೆಯ ಮೇಲೆ ತಲೆಮಾರುಗಟ್ಟಲೆ ತೂಗಿದ ಬಂದೂಕುಗಳಲ್ಲಿ ಇಂಥವು ಸಿಕ್ಕಿವೆ.

ಬಳಸುವವರಿಗೆ ತಿರುಪುಳಿಯ ಜೊತೆ ನಾಲ್ಕು ಮಾತಿನ ಚೀಟಿ ಇಟ್ಟು ಕೊಡುವುದು ಉಪಯುಕ್ತ. ಸೀಳಿನೊಳಗಿನ ಕೊಳೆಯನ್ನು ಮೊದಲು ಮರದ ಚೂಪು ಕಡ್ಡಿಯಿಂದ ತೆಗೆಯಬೇಕು. ಜಾಮಾದ ತಿರುಪಿಗೆ ತೆಳು ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು; ಬಿಸಿ ಮಾಡಿದ ಕಬ್ಬಿಣದ ಕಡ್ಡಿಯನ್ನು ತಿರುಪಿನ ತಲೆಗೆ ಮಾತ್ರ ಮುಟ್ಟಿಸಿದರೂ ಹಿಡಿತ ಸಡಿಲುತ್ತದೆ. ಬಿಚ್ಚಿದ ತಿರುಪುಗಳನ್ನು ಅವುಗಳ ತೂತಿನ ಕ್ರಮದಲ್ಲೇ ರಟ್ಟಿನ ಮೇಲೆ ಚುಚ್ಚಿಡಬೇಕು. ಒಳ್ಳೆಯ ಬಂದೂಕುಗಳಲ್ಲಿ ತಿರುಪಿನ ಸೀಳುಗಳು ನಳಿಗೆಯ ದಿಕ್ಕಿಗೇ ಸಾಲಾಗಿ ನಿಲ್ಲುತ್ತವೆ; ಮತ್ತೆ ಕೂರಿಸುವಾಗಲೂ ಅಲ್ಲಿಗೇ ತಂದು ನಿಲ್ಲಿಸಬೇಕು, ಅದನ್ನು ಮೀರಿ ಬಿಗಿಯಬಾರದು.

ಬೇಡಿಕೆ ಬಂದೂಕಿಗಷ್ಟೇ ಸೀಮಿತವಲ್ಲ. ಹಳೆಯ ಗೋಡೆ ಗಡಿಯಾರ, ಹೊಲಿಗೆ ಯಂತ್ರ, ಹಾರ್ಮೋನಿಯಂ, ಹಿತ್ತಾಳೆಯ ಅಳತೆ ಉಪಕರಣಗಳಲ್ಲೂ ಇದೇ ಬಗೆಯ ಸೀಳು ತಿರುಪುಗಳಿವೆ. ಅಲ್ಲೂ ಬೆಣೆಯಲಗಿನಿಂದ ಅದೇ ಹಾನಿ. 4, 5, 6, 8, 10 ಮತ್ತು 12 ಮಿಲಿಮೀಟರ್ ಅಗಲದ ಆರು ತಿರುಪುಳಿಗಳ ಒಂದು ಕಟ್ಟು, ತುಸು ಹೆಚ್ಚೇ ದಪ್ಪ ಉಳಿಸಿಕೊಂಡ ತುದಿಗಳು, ತೀಡಲು ಒಂದು ಸಣ್ಣ ಕಲ್ಲು, ಸುತ್ತಿಡಲು ಚರ್ಮದ ಚೀಲ. ಇಷ್ಟಿದ್ದರೆ ಕೊಳ್ಳುವವರು ತಮ್ಮ ತಿರುಪಿಗೆ ತಾವೇ ಹೊಂದಿಸಿಕೊಳ್ಳಬಹುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರ, ಬಡಿಗ, ಆಯುಧ ತಯಾರಕ, ಸುತ್ತಿಗೆ ಮತ್ತು ಉಪಕರಣ ತಯಾರಕ ಎಲ್ಲವೂ ಸೇರಿವೆ. ಅದರಲ್ಲಿ ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ನೆರವು, ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ನಂತರ 2 ಲಕ್ಷ ರೂಪಾಯಿವರೆಗೆ ಸಾಲ ಸಿಗುತ್ತದೆ. ಒಳ್ಳೆಯ ಕಾನಸ, ಎಣ್ಣೆಗಲ್ಲು, ಅಳತೆಯ ಕ್ಯಾಲಿಪರ್ ಹೊಂದಿಸಿಕೊಳ್ಳಲು ಅದು ಸಾಲುತ್ತದೆ.

ಈ ಪತ್ರದ ವಿನಂತಿ ಇಷ್ಟು: ಪ್ರತಿ ತಾಲ್ಲೂಕಿನಲ್ಲಿ ಒಬ್ಬ ಕಮ್ಮಾರ ಮತ್ತು ಒಬ್ಬ ಬಡಿಗ ಜೊತೆಗೂಡಿ ಒಂದೊಂದು ಕಟ್ಟು ತಿರುಪುಳಿ ತಯಾರಿಸಲಿ, ಪ್ರತಿಯೊಂದರ ಮೇಲೂ ಗುರುತು ಮತ್ತು ಇಸವಿ ಒತ್ತಲಿ, ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವದ ಮಳಿಗೆಗಳಲ್ಲಿ ಅವನ್ನು ತಯಾರಿಕೆಯ ಹಂತಗಳ ಸಮೇತ ಪ್ರದರ್ಶಿಸಲಿ, ಒಂದು ಕಟ್ಟನ್ನು ಕಿತ್ತೂರು ಕೋಟೆಯ ಆವರಣದ ವಸ್ತುಸಂಗ್ರಹಾಲಯದ ತಜ್ಞರಿಗೆ ತೋರಿಸಿ, ಅವರ ಸಂಗ್ರಹಕ್ಕೆ ಬೇಕಾದ ಅಳತೆಗಳನ್ನು ಕೇಳಿ ಪಡೆಯಲಿ. ಅಲಗು ಸೀಳಿಗೆ ಹೊಂದಿದರೆ ತಿರುಪು ಉಳಿಯುತ್ತದೆ, ತಿರುಪು ಉಳಿದರೆ ಹಳೆಯ ಹತಾರ ಉಳಿಯುತ್ತದೆ. ಅದರೊಂದಿಗೆ ಕುಲುಮೆಗೂ ಕೆಲಸ ಉಳಿಯುತ್ತದೆ.

ಇಂತಿ,
ಕೈಗೆಲಸದ ಹಿತ ಬಯಸುವ ಬರಹಗಾರ